ಕುರ್ಚಿ ತುಂಬದೆ ಕತ್ತರಿ ಏಳದು

ಬೆಳಗಿನ ಬಿಸಿಲು ಮಠದ ಅಂಗಳಕ್ಕೆ ಇನ್ನೂ ಇಳಿದಿಲ್ಲ. ಬೇವಿನ ಗಿಡದ ಕೆಳಗೆ ಲಾಲಪ್ಪ ಚಾಪೆ ಹಾಸುತ್ತಾರೆ, ಹಿತ್ತಾಳೆ ಬಟ್ಟಲಿಗೆ ನೀರು ತುಂಬುತ್ತಾರೆ, ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆಯುತ್ತಾರೆ. ಆಮೇಲೆ ಒಳಗಿನಿಂದ ಒಂದು ಕಟ್ಟಿಗೆಯ ಕುರ್ಚಿ ತಂದು ಎದುರಿಗಿಟ್ಟು, ಹೆಗಲ ಮೇಲಿನ ವಸ್ತ್ರದಿಂದ ಒರೆಸುತ್ತಾರೆ. ವಸತಿಯ ಮಕ್ಕಳು ಸಾಲಾಗಿ ಕೂತಿದ್ದಾರೆ. ಕೂದಲು ಕಿವಿ ಮುಚ್ಚಿದೆ. ಆದರೂ ಲಾಲಪ್ಪ ಕತ್ತರಿ ಮುಟ್ಟುವುದಿಲ್ಲ. ಆ ಕುರ್ಚಿ ಸರ್ಕಾರದ್ದು. ಅದು ತುಂಬುವ ತನಕ ಕ್ಷೌರ ಶುರುವಾಗುವುದಿಲ್ಲ.

ಹುಮನಾಬಾದದಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿದೆ ಈ ಮಠ. ಮಠದ ಹೆಸರು ಬರೆಯಬೇಡಿ ಎಂದು ಲಾಲಪ್ಪನವರೇ ಕೇಳಿಕೊಂಡಿದ್ದಾರೆ. ಇಲ್ಲಿ ಓದುವ ಮಕ್ಕಳತ್ತ ನಾಳೆ ಯಾರೂ ಬೆರಳು ತೋರಿಸಬಾರದು ಎಂಬುದು ಅವರ ಕಾಳಜಿ. ಕೂಲಿಯವರ ಮಕ್ಕಳು, ತಬ್ಬಲಿಗಳು ಇಲ್ಲಿ ಉಂಡು ಓದುತ್ತಾರೆ. ಊಟದ ಗೋಧಿ ಸರ್ಕಾರ ಕೊಡುತ್ತದೆ. ಮೋರಖಂಡಿಯ ಲಾಲಪ್ಪ ಅಪ್ಪನ ಕಾಲದಿಂದಲೂ ಈ ಮಠದ ಕ್ಷೌರಿಕರು. ಸುಗ್ಗಿಯಲ್ಲಿ ಸಿಗುವ ಜೋಳವೇ ಸಂಬಳ.

ಅಜ್ಜಿಯರು ಹೇಳುವ ಕತೆಯೊಂದರಲ್ಲಿ ರಾಜನಿಗೆ ಕತ್ತೆಯ ಕಿವಿ. ಕಿರೀಟದ ಕೆಳಗಿನ ಆ ಗುಟ್ಟು ಕ್ಷೌರಿಕನೊಬ್ಬನಿಗೇ ಗೊತ್ತು. ಹೇಳಿದರೆ ತಲೆ ಹೋಗುತ್ತದೆ, ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಕೊನೆಗೆ ಕಾಡಿಗೆ ಹೋಗಿ ಗಿಡಕ್ಕೆ ಹೇಳಿ ಬರುತ್ತಾನೆ. ಆರು ವರ್ಷದ ಹಿಂದೆ, ೧೯೭೩ರಲ್ಲಿ, ಲಾಲಪ್ಪನವರ ಬೆರಳಿಗೂ ಅಂಥದೊಂದು ಗುಟ್ಟು ತಗುಲಿತು. ಮಕ್ಕಳ ಕೂದಲೊಳಗೆ ಗಾಯಗಳು. ಒಣಗಿದವು, ಹಸಿಯವು, ಎಲ್ಲ ಬಿದಿಗೆ ಚಂದ್ರನ ಆಕಾರದವು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಗುರು ಕಟ್ಟಿಗೆಯ ಪಾದುಕೆಯ ಹಿಮ್ಮಡಿಯಿಂದ ಹೊಡೆಯುತ್ತಿದ್ದ. ಕೂದಲು ಮುಚ್ಚುವ ಜಾಗಕ್ಕೇ ಹೊಡೆಯುತ್ತಿದ್ದ.

"ಕೈ ಮ್ಯಾಲ ಎತ್ತಿದ್ರ ಸಾಕ್ರಿ, ತಲಿ ಹೆಗಲಾಗ ಹುದುಗಿಸ್ಕೊಂಡು ಕಣ್ಣ ಮುಚ್ಚತಿದ್ದವು," ಎನ್ನುತ್ತಾರೆ ಲಾಲಪ್ಪ. "ನನ್ನ ಕೈಗೂ ಅಂಜತಿದ್ದವು. ಅದ ನನಗ ತಡಕೊಳ್ಳಾಕ ಆಗಲಿಲ್ಲ."

ಅವರು ಗಿಡಕ್ಕೆ ಹೇಳಲಿಲ್ಲ. ಬಸ್ಸು ಹತ್ತಿ ಹುಮನಾಬಾದದ ಕಚೇರಿಗೆ ಹೋದರು. ವರ್ಷಕ್ಕೊಮ್ಮೆ ಸಾಹೇಬರು ಬಂದು ನೋಡುತ್ತಾರಲ್ಲ ಎಂದರು ಅಲ್ಲಿ. ಬರುತ್ತಿದ್ದರು ನಿಜ, ಮೊದಲೇ ಸುದ್ದಿ ಕಳಿಸಿ. ಮಕ್ಕಳು ಬಿಳಿ ಟೊಪ್ಪಿಗೆ ಹಾಕಿಕೊಂಡು ಪ್ರಾರ್ಥನೆ ಹಾಡುತ್ತಿದ್ದರು, ಸಾಹೇಬರು ಹೋಳಿಗೆ ಉಂಡು ಹೋಗುತ್ತಿದ್ದರು. ಮಠದ ವಿಷಯಕ್ಕೆ ಸರ್ಕಾರ ಕೈ ಹಾಕುವುದಿಲ್ಲ ಎಂದೂ ಒಬ್ಬರು ತಿಳಿಹೇಳಿದರು.

"ಗೋದಿ ಕೊಡಾಕ ಕೈ ಹಾಕೀರಲ್ರಿ ಸಾಹೇಬ್ರ," ಎಂದರು ಲಾಲಪ್ಪ. "ಅದ ಕೈಲೆ ಒಮ್ಮಿ ತಲಿ ಸವರಿ ನೋಡ್ರಿ."

ಅವರು ಕೇಳಿದ್ದು ಒಂದೇ: ನಾನು ಕ್ಷೌರ ಮಾಡುವ ದಿನ, ಹೇಳದೆ ಬನ್ನಿ. ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ಹೊಸ ತಹಸೀಲ್ದಾರರೊಬ್ಬರು ಬಂದರು. ಲಾಲಪ್ಪ ಒಂದು ಮಗುವಿನ ತಲೆ ಬೋಳಿಸಿ ಅವರತ್ತ ತಿರುಗಿಸಿದರು. ಆಮೇಲೆ ಇನ್ನೊಂದು. ತಹಸೀಲ್ದಾರರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಗುರುವನ್ನು ಪೊಲೀಸರು ಒಯ್ದರು. ಮೊಕದ್ದಮೆ ಬೀದರಿನ ಕೋರ್ಟಿನಲ್ಲಿ ಇನ್ನೂ ನಡೆದಿದೆ. ತಿಂಗಳ ಮೊದಲ ಬುಧವಾರ, ಕ್ಷೌರದ ದಿನ, ಸರ್ಕಾರದ ಕಡೆಯವರೊಬ್ಬರು ಎದುರಿಗೆ ಕೂರಬೇಕೆಂದು ಹುಕುಮು ಆಯಿತು.

ಭಕ್ತರು ಸಿಟ್ಟಾದರು. ಮಠದ ಮರ್ಯಾದೆ ಕಳೆದವನೆಂದು ಊರಿನವರು ಲಾಲಪ್ಪನವರಿಂದ ಗಡ್ಡ ತೆಗೆಸುವುದನ್ನೇ ಬಿಟ್ಟರು. ಹೆಂಡತಿ ಕಾಂತಾಬಾಯಿ ಕಳೆ ಕೀಳಲು ಹೋಗಿ ಮನೆ ನಡೆಸಿದರು. "ಇವ್ರ ದೆಸಿಂದ ಊರಾಗಿನ ಗಂಡಸರೆಲ್ಲ ಸಾಧುಗೋಳಾದ್ರು," ಎಂದು ಈಗ ನಗುತ್ತಾರೆ.

ಇವತ್ತು ಮಾತ್ರ ಲಾಲಪ್ಪನವರ ಮುಖದಲ್ಲಿ ನಗುವಿಲ್ಲ. ಹೋದ ತಿಂಗಳು ಕುರ್ಚಿಗೆ ಯಾರೂ ಬರಲಿಲ್ಲ. ಅವರು ಪೆಟ್ಟಿಗೆ ಮುಚ್ಚಿ ಮನೆಗೆ ಹೋದರು. ಇಂದೂ ಹಾಗೇ ಆದರೆ ಚಿಟಗುಪ್ಪದಿಂದ ಬೇರೆ ಕ್ಷೌರಿಕರನ್ನು ಕರೆಸುವುದಾಗಿ ಮಠದ ಕಾರಭಾರಿ ದಿಗಂಬರ ಹೇಳಿಬಿಟ್ಟಿದ್ದಾರೆ.

"ಮಕ್ಕಳ ತಲ್ಯಾಗ ಹೇನು ಮೆರವಣಿಗಿ ಹೊಂಟಾವ ಲಾಲಪ್ಪ. ಸರ್ಕಾರ ಬರೂತನಾ ಜಡಿ ಹಾಕ್ಲೇನು?"

ಬೇರೆಯವರು ಬಂದರೆ ಕುರ್ಚಿ ಒಳಗೇ ಉಳಿಯುತ್ತದೆ. ಆಮೇಲೆ ಕೂದಲ ಕೆಳಗೆ ಏನಿದೆ ಎಂದು ನೋಡುವವರಿಲ್ಲ. ಲಾಲಪ್ಪ ರಸ್ತೆಯನ್ನೇ ನೋಡುತ್ತಾರೆ. ಒಂದು ಬಸ್ಸು ನಿಲ್ಲದೆ ಹೋಗುತ್ತದೆ.

ಬಿಸಿಲು ಬೇವಿನ ಬುಡಕ್ಕೆ ಬಂದಾಗ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಸಮಾಜ ಕಲ್ಯಾಣ ಇಲಾಖೆಯ ಶಕುಂತಲಾಬಾಯಿ ಬರುತ್ತಾರೆ. ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತಂತೆ, ನಡೆದೇ ಬಂದರಂತೆ. ಹಿಂದಿನವರಿಗೆ ವರ್ಗವಾಗಿತ್ತು, ಇನ್ನು ಮೇಲೆ ಈ ಕೆಲಸ ತನ್ನದೇ ಎನ್ನುತ್ತಾರೆ. ದಿಗಂಬರ ಅವರಿಗೆ ನೀರು ತರಿಸುತ್ತಾರೆ. ಕುರ್ಚಿ ತುಂಬುತ್ತದೆ. ಕತ್ತರಿ ಏಳುತ್ತದೆ.

ಅದಕ್ಕೂ ಮೊದಲು ಲಾಲಪ್ಪ ಪ್ರತಿ ತಲೆಯ ಮೇಲೂ ಬರಿಗೈ ಇಡುತ್ತಾರೆ. ಮಗುವಿನ ಹೆಗಲು ತಾನಾಗಿ ಸಡಿಲಾಗುವ ತನಕ ಕೈ ಅಲ್ಲೇ ಇರುತ್ತದೆ. ಶಕುಂತಲಾಬಾಯಿ ಬಗ್ಗಿ ನೋಡುತ್ತಾರೆ; ನೆತ್ತಿಗಳು ನುಣ್ಣಗಿವೆ. ಹೊಸದಾಗಿ ಸೇರಿದ ಪುಟ್ಟ ಮಚ್ಚೇಂದ್ರ ಅರ್ಧ ಕ್ಷೌರಕ್ಕೇ ಲಾಲಪ್ಪನವರ ಮೊಣಕಾಲಿಗೆ ಒರಗಿ ನಿದ್ದೆಹೋಗುತ್ತಾನೆ. ಆ ಗುರುವಿನ ಕಾಲದಲ್ಲಿ ಒಂದು ಕೂಸೂ ತನ್ನ ಕೈಯಲ್ಲಿ ಮಲಗಿದ್ದಿಲ್ಲ ಎಂದು ಲಾಲಪ್ಪ ಮೆಲ್ಲಗೆ ಹೇಳುತ್ತಾರೆ. ಮರಳುವ ಬಸ್ಸಿನ ಹೊತ್ತಾಗುತ್ತಿದೆ. ಶಕುಂತಲಾಬಾಯಿ ಹುಡುಗನ ಭುಜ ಮುಟ್ಟಲು ಕೈ ಚಾಚುತ್ತಾರೆ.

"ಎಬ್ಬಸಬ್ಯಾಡ್ರಿ ಬಾಯಾರ," ಎನ್ನುತ್ತಾರೆ ಲಾಲಪ್ಪ, ಕತ್ತರಿ ಕೆಳಗಿಟ್ಟು. "ಇಲ್ಲಿ ಮಕ್ಕಳು ಸರ್ಕಾರದ ಸಲುವಾಗಿ ಭಾಳ ಕಾದಾವ. ಈಗ ಸರ್ಕಾರ ಒಂದೀಟು ಕಾಯಲಿ."