ಪೀಪಾಯಿಯ ಕೆಳಗಿನ ಮೀಟರು

ದೋನ್ಕಾ ವಲ್ಚೆವಾ ನೀರಿನ ಮೀಟರ್ ನೋಡಿಯಾದ ಮೇಲೆ ಗುಂಡಿಯ ಕಬ್ಬಿಣದ ಮುಚ್ಚಳವನ್ನು ಮುಚ್ಚುತ್ತಿರಲಿಲ್ಲ, ಎತ್ತಿ ಹಾಕುತ್ತಿದ್ದಳು. ಆ ಸದ್ದಿಗೆ ಡ್ಯಾನ್ಯೂಬ್ ನದಿಯ ಮೀನುಗಳು ದಿಕ್ಕು ಬದಲಿಸುತ್ತಿದ್ದವು. ಆಚೆ ದಡದ ರುಮೇನಿಯಾದಲ್ಲಿ ಗಡಿ ಕಾಯುವವನು ಬೆಚ್ಚಿಬಿದ್ದು ಟೋಪಿ ಸರಿಪಡಿಸಿಕೊಳ್ಳುತ್ತಿದ್ದ. ಈಚೆ ದಡದಲ್ಲಿ, ಮೀಟರ್ ಓಡದಿರಲೆಂದು ಅದಕ್ಕೆ ಅಯಸ್ಕಾಂತ ಅಂಟಿಸಿದ್ದ ಮಹಾಶಯರು ಅದನ್ನು ಕಿತ್ತು ಜೇಬಿಗಿಳಿಸಿ, ಹಾಲುಗಲ್ಲದ ಹಸುಳೆಗಳಂತೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಹಳೇಪೇಟೆಯ ನಾನೂರು ಮನೆಗಳ ಮೀಟರ್ ಬರೆಯುತ್ತಿದ್ದ ಈ ಹೆಂಗಸಿಗೆ ಸಿಟ್ಟಾಗಲು ಕಾರಣ ಬೇಕಿರಲಿಲ್ಲ, ಮುಚ್ಚಳವೊಂದಿದ್ದರೆ ಸಾಕಿತ್ತು.

ಆ ಸೆಪ್ಟೆಂಬರಿನಲ್ಲಿ ಕಾರಣವೂ ಸಿಕ್ಕಿತು. ಊರಿಗೆಲ್ಲ ಸ್ಮಾರ್ಟ್ ಮೀಟರ್ ಹಾಕುವ ಯೋಜನೆ ಸಿದ್ಧವಾಗಿತ್ತು. ಮೊದಲ ಸರದಿ ಹಳೇಪೇಟೆಯದು, ನವೆಂಬರಿನ ಮೊದಲ ಸೋಮವಾರದಿಂದ. ಬಂದವರಿಗೆ ಮೀಟರ್ ಗುಂಡಿ ತೆರೆದು ತೋರಿಸದ ಮನೆಯನ್ನು ‘ನಿರಾಕರಿಸಿದವರು’ ಎಂದು ಬರೆದುಕೊಂಡು, ಹತ್ತು ದಿನಗಳಲ್ಲಿ ನೀರು ನಿಲ್ಲಿಸುವುದು.

“ನವೆಂಬರಾ?” ಜಲಮಂಡಳಿಯ ಸಭೆಯಲ್ಲಿ ದೋನ್ಕಾ ಕುರ್ಚಿ ತಳ್ಳಿ ಎದ್ದಳು. “ಯಾವ ಪುಣ್ಯಾತ್ಮ ಆರಿಸಿದ್ದು ಈ ತಿಂಗಳ್ನ?”

“ನೀವೇ, ದೋನ್ಕಾ ಅತ್ತೆ!” ಎಂದ ಎಂಜಿನಿಯರ್ ಸ್ತಮಾತೊವ್. ರಾಜಧಾನಿ ಸೋಫಿಯಾದಲ್ಲಿ ಓದಿ, ಹುಟ್ಟಿದೂರಿಗೆ ಯೋಜನೆ ಹೊತ್ತು ಬಂದಿದ್ದ ಮೂವತ್ತರ ಹರೆಯದವನು; ಊರಿನ ಹಿರಿಯ ಹೆಂಗಸರೆಲ್ಲ ಅವನಿಗೆ ಅತ್ತೆಯರೇ. ಗೋಡೆಯ ಮೇಲಿನ ಬಣ್ಣದ ಪಟ್ಟಿಯನ್ನು ಕೋಲಿನಿಂದ ತಟ್ಟಿದ. “ನಿಮ್ ಪುಸ್ತಕದ್ದೇ ಇದೆಲ್ಲ. ಬೇಸಿಗೇಲಿ ಕಾಲುಭಾಗ ಮನೆಗೆ ಬೀಗ. ನವೆಂಬರಿಂದ ಫೆಬ್ರವರಿವರೆಗೆ ನೋಡಿ, ಒಂದು ಮೀಟರೂ ತಪ್ಪಿಲ್ಲ. ನೂರಕ್ಕೆ ನೂರು! ಕಂಪ್ಯೂಟರೇ ನಿಮಗೆ ಕೈಮುಗಿದುಬಿಡ್ತು.”

ದೋನ್ಕಾ ದೊಪ್ಪನೆ ಕೂತಳು.

ಹಳೇಪೇಟೆಯ ನೆಲಮಾಳಿಗೆಗಳಲ್ಲಿ ಸಮತಟ್ಟಾದ, ತಂಪಾದ ಜಾಗ ಒಂದೇ: ಮೀಟರ್ ಗುಂಡಿಯ ಮುಚ್ಚಳ. ಅಕ್ಟೋಬರ್ ಮುಗಿಯುತ್ತಲೇ ಅದರ ಮೇಲೆ ಎಲೆಕೋಸಿನ ಪೀಪಾಯಿ ಬಂದು ಕೂರುತ್ತದೆ. ನೂರು ಲೀಟರಿನದು. ಒಳಗೆ ಚಳಿಗಾಲದ ಊಟಕ್ಕೆಂದು ಹುಳಿ ಬರಲು ಬಿಟ್ಟ ಇಡಿಇಡೀ ಕೋಸು, ಉಪ್ಪುನೀರು. ದಿನ ಬಿಟ್ಟು ದಿನ ತಳದಿಂದ ನೀರಿಳಿಸಿ ಮೇಲಿಂದ ಸುರಿಯಬೇಕು. ಅಲುಗಿಸಿದರೆ ಕೋಸು ಮೆತ್ತಗಾಗಿ ನಾರುತ್ತದೆ, ಮನೆಯವರ ಚಳಿಗಾಲ ಹಾಳು. ಮಾರ್ಚ್‌ವರೆಗೆ ಅದನ್ನು ಕದಲಿಸುವ ಅಧಿಕಾರ ಪಾದ್ರಿಗೂ ಇಲ್ಲ, ಪೊಲೀಸರಿಗೂ ಇಲ್ಲ. ಆದ್ದರಿಂದ ದೋನ್ಕಾ ಇಪ್ಪತ್ತೆರಡು ಚಳಿಗಾಲ ತನ್ನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ನಾನೂರು ಮೀಟರ್ ‘ಓದಿದ್ದಳು’.

ಈಗ ಬಾಯಿಮುಚ್ಚಿಕೊಂಡರೆ ನಾನೂರು ಮನೆಯ ನಲ್ಲಿ ಒಣಗುತ್ತದೆ. ಬಾಯಿಬಿಟ್ಟರೆ ಪಿಂಚಣಿಗೆ ಮೂರು ವರ್ಷವಿರುವಾಗ ಕೆಲಸ ಹೋಗುತ್ತದೆ. ಅವಳಿಗೆ ಬಣ್ಣದ ಪಟ್ಟಿಯ ಮೇಲೆ ಸಿಟ್ಟು ಬಂತು, ಸ್ತಮಾತೊವನ ಹೊಳೆಯುವ ಬೂಟಿನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನದೇ ಬಲಗೈಯ ಮೇಲೆ ಬಂತು.

“ನವೆಂಬರಲ್ಲಿ ಗುಂಡಿ ಮೇಲೆ ಪೀಪಾಯಿ ಇರತ್ತೆ,” ಎಂದಳು.

“ಅಷ್ಟೇನಾ? ಸ್ವಲ್ಪ ಸರಿಸಿದ್ರಾಯ್ತು.”

“ಸರಿಸ್ತೀಯಾ?” ನೀವು ಹೋಗಿ ನೀನು ಬಂತು. “ಮೊದ್ಲು ನಿಮ್ಮಜ್ಜಿ ಪೀಪಾಯಿ ಸರಿಸಿ ಬಾ. ಜೀವಂತವಾಗಿ ಮೇಲೆ ಬಂದ್ರೆ ನಾಳೆ ಮಾತಾಡೋಣ!”

ಸಭೆ ಗೊಳ್ಳೆಂದಿತು. ಅಜ್ಜಿಯ ನೆನಪಾಗಿ ಸ್ತಮಾತೊವನ ಕೋಲು ಕೆಳಗಿಳಿಯಿತು. ಆಮೇಲೆ ಅವನ ಹುಬ್ಬು ಮೇಲೇರಿತು.

“ಹಾಗಾದ್ರೆ ಚಳಿಗಾಲದಲ್ಲಿ ನೀವು ಮೀಟರ್ ನೋಡಿದ್ದು ಹೇಗೆ?”

“ನೋಡಿಲ್ಲ.”

“ಯಾವ ವರ್ಷ?”

“ಯಾವ ವರ್ಷಾನೂ ಇಲ್ಲ! ಸುಳ್ಳು ಬರೆದೋಳು ನಾನು. ನನ್ನ ತೆಗೀತೀರೋ, ತೆಗೀರಿ. ಆ ಜನ ನಿಮಗೆ ಬಾಗಿಲು ತೆಗೆಯಲ್ಲ ಅಂದಿಲ್ಲ. ಅವರ ನೀರಿನ ತಂಟೆಗೆ ಬಂದ್ರೆ ಈ ಮೇಜನ್ನೇ ಎತ್ತಿ ಹಾಕ್ತೀನಿ!”

ಸ್ತಮಾತೊವ್ ಹಳೆಯ ಪುಸ್ತಕಗಳನ್ನು ಎಳೆದುಕೊಂಡ. ಚಳಿಗಾಲದ ಸುಳ್ಳನ್ನು ಪ್ರತಿ ಮಾರ್ಚ್‌ನಲ್ಲಿ ಅವಳು ಕಣ್ಣಾರೆ ಕಂಡು ಬರೆದ ಅಂಕಿಗೆ ಹೋಲಿಸಿದ. ಮನೆಗೆ ಹತ್ತಿಪ್ಪತ್ತು ಬಕೆಟ್ ಹೆಚ್ಚುಕಮ್ಮಿ. ಅದೇ ತಿಂಗಳುಗಳಿಗೆ ಸೋಫಿಯಾದ ಕಂಪ್ಯೂಟರ್ ಹಾಕಿದ್ದ ಅಂದಾಜಾದರೋ ಮೂರರಲ್ಲೊಂದು ಪಾಲು ತಪ್ಪಿತ್ತು. ಅವನು ಪಟ್ಟಿಯಲ್ಲಿ ನವೆಂಬರ್ ಹೊಡೆದುಹಾಕಿ ಏಪ್ರಿಲ್ ಎಂದು ಬರೆದ.

“ನಿಮ್ಮ ವಿಷಯ ಮೇಲಿನವರಿಗೆ ತಿಳಿಸಲೇಬೇಕಾಗತ್ತೆ, ಅತ್ತೆ.”

“ತಿಳಿಸು.”

“ಆದ್ರೆ ಒಂದು ಹೇಳಿ.” ಅವನ ದನಿ ಗುರುವಿನೆದುರು ನಿಂತ ಶಿಷ್ಯನದಾಗಿತ್ತು. “ಇಷ್ಟು ಕರಾರುವಾಕ್ಕಾಗಿ ಹೇಗೆ? ಚಳಿ, ಹಬ್ಬ, ಬಾಣಂತನ, ಬಂದುಹೋಗೋ ನೆಂಟರು, ಎಲ್ಲಾ ಲೆಕ್ಕ ಹಾಕ್ತಿದ್ರಾ?”

“ಇಲ್ಲಪ್ಪ,” ಎಂದಳು ದೋನ್ಕಾ. “ಹಿಂದಿನ ವರ್ಷದ್ದು ನೋಡಿ ಬರೀತಿದ್ದೆ.”