ಸರಾಸರಿಯಾಚೆಗೆ ನೋಡಿದ ವಾಗ್ದೇವಿಯವರು

ಸಂಖ್ಯಾಶಾಸ್ತ್ರದಂತಹ ಕಠಿಣವಾದ ವಿಷಯವನ್ನು ಸಂತೆಬೀದಿಯ ಮಾತಿನಲ್ಲಿ ತಿಳಿಯಹೇಳಬಲ್ಲ ಅಧ್ಯಾಪಕರು ನಮ್ಮ ಸೀಮೆಯಲ್ಲಿ ವಿರಳ. ಅಂಥವರಲ್ಲಿ ಅಗ್ರಗಣ್ಯರಾದ ಶ್ರೀಮತಿ ವಾಗ್ದೇವಿಯವರು ಈ ವರ್ಷ, ೧೯೬೯ರಲ್ಲಿ, ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅರಳಸುರಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ತೀರ್ಥಹಳ್ಳಿಯಲ್ಲಿ ಉಪಾಧ್ಯಾಯಿನಿಯಾದ ಅವರು, ಓದು ಬಿಡಲಿದ್ದ ಪುಷ್ಪಮ್ಮನೆಂಬ ಹುಡುಗಿಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಮೆಟ್ರಿಕ್ ಮಾಡಿಸಿದವರು. ಮುಂದೆ ಹೊಸನಗರ, ಬಳಿಕ ಸಾಗರ.

ಸಾಗರಕ್ಕೆ ಬಂದಾಗ ಶರಾವತಿಯ ಅಣೆಕಟ್ಟು ಏಳುತ್ತಿತ್ತು. ಅವರ ವಿದ್ಯಾರ್ಥಿನಿಯೊಬ್ಬಳ ತಾಯಿ, ವಿಧವೆ ಕನ್ನಮ್ಮ, ಮುಳುಗಲಿದ್ದ ಗದ್ದೆಯ ಪರಿಹಾರವನ್ನು ಪಡೆದಿದ್ದರು. ಹೊಸನಗರದ ಕಡೆ ಕೊಳ್ಳಬೇಕೆಂದಿದ್ದ ಜಮೀನು ಕೈಗೆ ಬರಲು ಒಂದೆರಡು ವರ್ಷ ತಡವಿತ್ತು. ಅಷ್ಟರಲ್ಲಿ ಬಟ್ಟೆ ಗಿರಣಿಯೊಂದರ, ಸಕ್ಕರೆ ಕಾರ್ಖಾನೆಯೊಂದರ ಷೇರು ಮಾರುವ ದಲ್ಲಾಳಿಯೊಬ್ಬ ಊರಿಗೆ ಬಂದ. ಕನ್ನಮ್ಮನ ಮೈದುನ ಕೆರಿಯಪ್ಪ ತನ್ನ ಪರಿಹಾರವನ್ನೆಲ್ಲ ಅವನು ಹೊಗಳಿದ ಗಿರಣಿಯ ಷೇರಿಗೆ ಹಾಕಿ, ಅತ್ತಿಗೆಯನ್ನೂ ಒತ್ತಾಯಿಸತೊಡಗಿದ.

ಕನ್ನಮ್ಮ ಮೈದುನ, ದಲ್ಲಾಳಿ ಇಬ್ಬರನ್ನೂ ವಾಗ್ದೇವಿಯವರ ಮನೆಗೆ ಕರೆತಂದರು.

"ಗಿರಣಿಯ ಸರಾಸರಿ ಪ್ರತಿಫಲ ನೂರಕ್ಕೆ ಹದಿನಾಲ್ಕು, ಸಕ್ಕರೆ ಕಾರ್ಖಾನೆಯದು ಬರೀ ಹತ್ತು. ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದ ದಲ್ಲಾಳಿ.

ವಾಗ್ದೇವಿಯವರು ಐದು ವರ್ಷದ ಅಂಕಿಗಳನ್ನು ಕೇಳಿ ಪಡೆದರು. ಸಕ್ಕರೆ ಕಾರ್ಖಾನೆ ಎಂಟರಿಂದ ಹನ್ನೆರಡರೊಳಗೆ ನಡೆದಿತ್ತು. ಗಿರಣಿಯಾದರೋ ಒಂದು ವರ್ಷ ನಲವತ್ತು ಏರಿ, ಮರುವರ್ಷವೇ ಇಪ್ಪತ್ತೆರಡು ಇಳಿದಿತ್ತು. ಪ್ರತಿ ವರ್ಷದ ಅಂಕಿ ಸರಾಸರಿಯಿಂದ ಎಷ್ಟು ದೂರ ಸರಿಯುತ್ತದೆಂಬುದನ್ನು ತೋರುವ ಮಾನಕ ವಿಚಲನೆಯನ್ನು ಲೆಕ್ಕ ಹಾಕಿದಾಗ, ಸಕ್ಕರೆಗೆ ಸುಮಾರು ಒಂದೂವರೆ, ಗಿರಣಿಗೆ ಸುಮಾರು ಇಪ್ಪತ್ತೈದು ಬಂತು.

"ಕನ್ನಮ್ಮಾ, ಜಮೀನು ಕೊಳ್ಳೋ ವರ್ಷವೇ ಗಿರಣಿ ಷೇರು ಬಿದ್ರೆ, ಅದು ಏಳೋ ತನಕ ಕಾಯಕ್ಕೆ ಆಗ್ತದಾ? ಬೇರೆ ಆಸರೆ ಏನಾದ್ರೂ ಇದ್ಯಾ?" ಎಂದು ವಾಗ್ದೇವಿಯವರು ಕೇಳಿದರು.

"ಎಂತದೂ ಇಲ್ಲ ಅಮ್ಮಾ."

"ಬೀಳ್ತದೆ ಅಂತ ಬರ್ಕೊಡ್ತೀರಾ ಟೀಚರಮ್ಮ?" ಕೆರಿಯಪ್ಪ ಸಿಡುಕಿದ.

"ಇಲ್ಲ. ಏರ್ತದೆ ಅಂತ ಈ ದಲ್ಲಾಳಿಯೂ ಬರ್ಕೊಡಲ್ಲ."

ಕನ್ನಮ್ಮ ಸಕ್ಕರೆಯ ಷೇರು ಕೊಂಡರು. ಆ ವರ್ಷ ಗಿರಣಿಯ ಷೇರು ಗಗನಕ್ಕೇರಿತು. ಕೆರಿಯಪ್ಪ ಅಂಗಡಿ ಮುಂದೆ ನಿಂತು, "ಟೀಚರಮ್ಮನ ಲೆಕ್ಕ ನಮ್ಮ ಅತ್ತಿಗೆಯ ಅನ್ನ ಕಿತ್ಕೊಂತು" ಎಂದು ಸಾರಿದ. ಕನ್ನಮ್ಮನೂ ವಾಗ್ದೇವಿಯವರು ಎದುರಾದರೆ ಮುಖ ತಿರುಗಿಸತೊಡಗಿದರು. ಮುಖ್ಯೋಪಾಧ್ಯಾಯರು, ಸರ್ಕಾರಿ ನೌಕರಿಯವರಿಗೆ ಇದೆಲ್ಲ ಯಾಕೆಂದು ಕರೆದು ಎಚ್ಚರಿಸಿದರು. ವಾಗ್ದೇವಿಯವರು ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡಿದರು. ತಪ್ಪು ಸಿಗಲಿಲ್ಲ, ನೆಮ್ಮದಿಯೂ ಸಿಗಲಿಲ್ಲ. ಒಬ್ಬ ಹೆಂಗಸಿನ ಬದುಕಿನ ಮೇಲೆ ತಾವು ಆಡಿದ ಮಾತು ಅವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಮರುವರ್ಷ ಹಿನ್ನೀರು ಗದ್ದೆಯನ್ನು ನುಂಗಿತು; ಹೊಸ ಜಮೀನಿಗೆ ದುಡ್ಡು ಕಟ್ಟುವ ಕರೆಯೂ ಬಂತು. ಅದೇ ಹೊತ್ತಿಗೆ ಗಿರಣಿಯಲ್ಲಿ ಮುಷ್ಕರವಾಗಿ, ಅದರ ಷೇರಿನ ಬೆಲೆ ಹಾಕಿದ್ದ ಹಣದ ಅರ್ಧಕ್ಕಿಂತ ಕೆಳಗಿಳಿಯಿತು. ಕನ್ನಮ್ಮ ತಮ್ಮ ಷೇರು ಮಾರಿ ಗದ್ದೆ ಕೊಂಡರು.

ಒಂದು ಮಧ್ಯಾಹ್ನ ಕೆರಿಯಪ್ಪ ಶಾಲೆಯ ಬಾಗಿಲಿಗೆ ಬಂದು ನಿಂತ. ಜಗಳಕ್ಕೇ ಬಂದನೆಂದುಕೊಂಡು ವಾಗ್ದೇವಿಯವರು ತಾವೇ ಎದ್ದು ಹೊರಗೆ ಬಂದರು.

"ಸಿಕ್ಕಷ್ಟಕ್ಕೆ ಮಾರಿಬಿಡ್ಲಾ ಟೀಚರಮ್ಮ?"

ಅವರು ಹಳೆಯದನ್ನು ಎತ್ತಲಿಲ್ಲ. "ಈ ವರ್ಷ ಉಣ್ಣಕ್ಕೆ ದಾರಿ ಇದ್ಯಾ?" ಎಂದಷ್ಟೇ ಕೇಳಿದರು.

"ಅತ್ತಿಗೆ ಕರ್ದಾರೆ. ಅವರ ಗದ್ದೆಲೇ ಗೇಯ್ತೀನಿ."

"ಹಂಗಾದ್ರೆ ನೀವು ಕಾಯಬಹುದು. ಏರೇ ಏರ್ತದೆ ಅಂತ ನಾ ಹೇಳಲ್ಲ."

ಆತ ಕಾದ. ಮೂರನೆಯ ವರ್ಷ, ಹಾಕಿದ್ದು ಬಹುಮಟ್ಟಿಗೆ ಹಿಂದಿರುಗಿದಾಗ ಮಾರಿ, ಅತ್ತಿಗೆಯ ಗದ್ದೆಯ ಪಕ್ಕದಲ್ಲೇ ತುಂಡು ಭೂಮಿ ಕೊಂಡ. ಇಂದು ಈ ಬೀಳ್ಕೊಡುಗೆ ಸಮಾರಂಭದ ಚಪ್ಪರಕ್ಕೆ ಕಂಬ ಹೊತ್ತು ತಂದವರಲ್ಲಿ ಅವನೂ ಒಬ್ಬ.

ನಿವೃತ್ತಿಯ ನಂತರ ಹೆಂಗಸರಿಗೆ ವಾರಕ್ಕೊಮ್ಮೆ ಲೆಕ್ಕ ಕಲಿಸುವೆನೆಂದು ವಾಗ್ದೇವಿಯವರು ಹೇಳಿದ್ದಾರೆ. ಮೊದಲ ಹೆಸರು ಕನ್ನಮ್ಮನದೇ. ಆ ಪಾಠ ಬಹುಕಾಲ ನಡೆಯಲೆಂದೂ, ಅದನ್ನು ನಡೆಸುವ ಆರೋಗ್ಯ, ಆಯುಸ್ಸುಗಳು ಅವರಿಗೆ ತುಂಬಿ ಬರಲೆಂದೂ ಮನಸಾರೆ ಹಾರೈಸುತ್ತೇವೆ.