ಚಹಾದ ನೆಪದಲ್ಲಿ ಬರುತ್ತಿದ್ದವಳು

ಮೊಮ್ಮಕ್ಕಳೇ, ಹೋದ ವಾರ ಹಾಸಿಗೆ ಕೊಡವುವಾಗ ನಿಮ್ಮೊಳಗೆ ದೊಡ್ಡವಳ ದಿಂಬಿನ ಕೆಳಗಿಂದ ಒಂದು ಬಳಪದ ತುಂಡು ಬಿತ್ತು. ಪರೇಲಿನ ಆಫೀಸಿಗೆ ಹೋಗುವ ಹುಡುಗಿಗೆ ಪಾಟಿಯ ಮೇಲೆ ಬರೆಯುವ ಬಳಪ ಯಾಕೆ ಬೇಕು ಎಂದು ಎತ್ತಿ ನೋಡಿದೆ. ಒಂದು ತುದಿ ಇನ್ನೂ ಒದ್ದೆಯಾಗಿತ್ತು, ಹಲ್ಲಿನ ಗುರುತಿತ್ತು. ಮೂಗಿಗೆ ಹಿಡಿದೆ. ಒದ್ದೆ ಕಲ್ಲಿನ ತಣ್ಣನೆಯ ವಾಸನೆ… ಹಾಸಿಗೆಯ ಮೇಲೆ ಕುಳಿತುಬಿಟ್ಟೆ. ಸೆರಗಿನ ತುದಿಗೆ ಇಂಥದೇ ತುಂಡು ಗಂಟು ಹಾಕಿಕೊಂಡು ಬರುತ್ತಿದ್ದವಳೊಬ್ಬಳು ಎಷ್ಟೋ ವರ್ಷಗಳ ಮೇಲೆ ನೆನಪಾದಳು.

ನಾನು ಹೆಚ್ಚು ಮಾತಾಡುವವಳಲ್ಲ, ನಿಮಗೆ ಗೊತ್ತು. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದಲು ಬರುವವರು ಬಾರದವರಿಗೆ ಓದಿ ಹೇಳಿರಿ.

ಈಗ ನಾವಿರುವ ಬಿಲ್ಡಿಂಗಿನ ಜಾಗದಲ್ಲಿ ಆಗ ಒಂದೊಂದೇ ಕೋಣೆಯ ಮನೆಗಳು ಸಾಲಾಗಿದ್ದ ಚಾಳ್ ಇತ್ತು. ಭಾಂಡುಪ್ ಸ್ಟೇಷನ್ನಿನಿಂದ ಏರು ಹತ್ತಿ ಬರಬೇಕು. ನಿಮ್ಮ ಅಜ್ಜ ಕಾರ್ಖಾನೆಗೆ ಹೋಗುತ್ತಿದ್ದರು. ನಮ್ಮ ಪಕ್ಕದ ಖೋಲಿಗೆ ವಿಜಯಪುರದ ಕಡೆಯವರು ಬಾಡಿಗೆಗೆ ಬಂದರು. ಅತ್ತೆ, ಮಗ, ಸೊಸೆ. ಮಗ ಕಟ್ಟಡದ ಕೆಲಸದವನು. ಸೊಸೆ ನನಗಿಂತ ಚಿಕ್ಕವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನು ಅವಳನ್ನು ತಂಗಿ ಎನ್ನುತ್ತಿದ್ದೆ. ಎರಡು ಖೋಲಿಗಳ ನಡುವೆ ಇದ್ದದ್ದು ತೆಳ್ಳನೆಯ ಹಲಗೆಯ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನನಗೆ ಸೀನು ಬರುತ್ತಿತ್ತು.

ಅವಳು ಬಸುರಿಯಾದ ಮೇಲೆ ಆ ಗೋಡೆಯಾಚೆಯಿಂದ ಕಟಕಟ ಎಂದು ಏನೋ ಕಡಿಯುವ ಸದ್ದು ಕೇಳತೊಡಗಿತು. ಇಲಿ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ನಲ್ಲಿಯ ಹತ್ತಿರ ಅವಳ ತುಟಿಯ ಮೇಲೆ ಬಿಳಿ ಪುಡಿ ಕಂಡಿತು. ಕೇಳಿದ್ದಕ್ಕೆ ನೆಲ ನೋಡಿದಳು.

“ಬಳಪರೀ ಅಕ್ಕಾ. ಗ್ವಾಡಿ ಮ್ಯಾಲಿನ ಸುಣ್ಣಾ ನೋಡಿದ್ರೂ ಬಾಯಾಗ ನೀರ ಬರ್ತದ. ಯಾರ ಮುಂದೂ ಹೇಳಬ್ಯಾಡ್ರಿ, ನಗ್ತಾರ.”

ನಗುವ ಹಾಗಿರಲಿಲ್ಲ. ಕೊಡ ಎತ್ತಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ಅಂಗೈ ನೆನೆದ ಕಾಗದದ ಹಾಗೆ ಬೆಳ್ಳಗಿತ್ತು. ಮನೆಯಲ್ಲಿ ಮಗನ ಊಟವಾದ ಮೇಲೆ ಅತ್ತೆ ಸೊಸೆ ಇಬ್ಬರೂ ತಳದಲ್ಲಿ ಉಳಿದ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಮುಗಿಸುತ್ತಿದ್ದರು. ಪಲ್ಯ ಗಂಡಸಿನ ತಾಟಿನಲ್ಲೇ ತೀರಿರುತ್ತಿತ್ತು. ನಾವೆಲ್ಲ ಹಾಗೇ ಇದ್ದೆವು… ಅದನ್ನು ಯಾರೂ ಕೊರತೆ ಎಂದು ತಿಳಿದಿರಲಿಲ್ಲ.

ಪರೇಲಿನ ದೊಡ್ಡ ಆಸ್ಪತ್ರೆಗೆ ತೋರಿಸಲು ನಾನೇ ಜೊತೆಗೆ ಹೋದೆ. ಮೈಯಲ್ಲಿ ರಕ್ತ ಬಹಳ ಕಡಿಮೆ ಇದೆ, ಹೀಗೇ ಇದ್ದರೆ ಹೆರಿಗೆಯಲ್ಲಿ ರಕ್ತ ಹೋದಾಗ ತಾಯಿ ಉಳಿಯುವುದು ಕಷ್ಟ ಎಂದರು ಅಲ್ಲಿಯ ಡಾಕ್ಟರಬಾಯಿ. ಕಬ್ಬಿಣದ ಅಂಶದ ಗುಳಿಗೆ ಕೊಟ್ಟರು. ಬಳಪ, ಮಣ್ಣು ತಿನ್ನಬೇಕೆನಿಸುವುದೂ ಆ ಕೊರತೆಯಿಂದಲೇ ಅಂತೆ.

ಗುಳಿಗೆ ಸಿಕ್ಕಿತು, ನುಂಗುವುದೆಲ್ಲಿ? ಅವಳ ಅತ್ತೆಯ ಸ್ವಂತ ಮಗಳು ಹೆರಿಗೆಯಲ್ಲಿ ಕೂಸು ಸಿಕ್ಕಿಕೊಂಡು ತೀರಿಹೋಗಿದ್ದಳು. ಗುಳಿಗೆ, ಟಾನಿಕ್ ಕೊಟ್ಟು ಕೂಸನ್ನು ದಪ್ಪ ಮಾಡಿದ್ದರಿಂದಲೇ ಹಾಗಾಯಿತೆಂದು ಆ ಮುದುಕಿ ನಂಬಿದ್ದಳು.

“ನನ್ನ ಮಗಳನ್ನ ತಿಂದದ್ದ ಸಾಕು,” ಎಂದು ಮೊದಲ ಗುಳಿಗೆ ಪೊಟ್ಟಣವನ್ನು ಗಟಾರಕ್ಕೆ ಎಸೆದಳು. ಎಸೆದವಳು ಒಳಗೆ ಹೋಗಿ ಅತ್ತದ್ದೂ ಗೋಡೆಯಾಚೆಗೆ ನನಗೆ ಕೇಳಿಸಿತು. ಅವಳನ್ನು ಬೈಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ.

ಎರಡನೆಯ ಸಲ ತಂದ ಗುಳಿಗೆ ನಮ್ಮ ಅಕ್ಕಿ ಡಬ್ಬಿಯ ಹಿಂದೆ ಉಳಿಯಿತು. ಬರಲು ನೆಪ ಬೇಕಲ್ಲ, ಅವಳೇ ಹುಡುಕಿದಳು. ಮಧ್ಯಾಹ್ನ ಚಹಾ ಆದ ಕೂಡಲೇ ಒಂದು ಕಪ್ಪಿಗೆ ಬಸಿ ಮುಚ್ಚಿ, “ಅಕ್ಕಗ ಚಾ ಕೊಟ್ಟ ಬರ್ತೀನ್ರಿ ಅತ್ತಿ,” ಎಂದು ಹೊರಡುತ್ತಿದ್ದಳು. ನೆರೆಯವರಿಗೆ ಚಹಾ ಕೊಡಬೇಡ ಎಂದು ಯಾವ ಅತ್ತೆಯೂ ಅನ್ನುವುದಿಲ್ಲ. ಬಂದವಳು ಅರ್ಧ ಚಹಾ ಬಸಿಗೆ ಸುರಿದು ನನಗೆ ಕೊಟ್ಟು, ಕಪ್ಪಿನಲ್ಲಿ ಉಳಿದ ಅರ್ಧದಲ್ಲಿ ಗುಳಿಗೆ ನುಂಗುತ್ತಿದ್ದಳು. ನೀರಿನಲ್ಲಿ ನುಂಗಿದರೆ ವಾಕರಿಕೆ, ಚಹಾದಲ್ಲಿ ಸಲೀಸು ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಕಳ್ಳರ ಹಾಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ತಡವಾದರೆ ಆ ಕಡೆಯಿಂದ ಗೋಡೆ ಬಡಿಯುವ ಸದ್ದು.

“ಚಾ ಕೊಡಾಕ ಹೋದಾಕಿ ಚಹಾದ ತೋಟಾನ ಹಚ್ಚಾಕತ್ತೀ ಏನ?”

ತಿಂಗಳುಗಳು ಹೋದವು. ಮತ್ತೆ ರಕ್ತ ನೋಡಿದರು, ಏನೂ ಏರಿರಲಿಲ್ಲ. ಡಾಕ್ಟರಬಾಯಿ ಸಿಟ್ಟಾದರು. ಗುಳಿಗೆ ಎಸೆಯುತ್ತೀ ಎಂದು ಗದರಿದರು. ಅವಳು ಅಳತೊಡಗಿದಳು. ಹೊರಗಿನವರ ಮುಂದೆ ನನಗೆ ನಾಲಗೆ ಏಳುವುದಿಲ್ಲ, ಹಿಂದಿಯಂತೂ ಆಗ ಬಲು ಕಡಿಮೆ. ಆದರೂ ಹಿಂದೆ ನಿಂತವಳು, “ಖಾತೀ ಹೈ. ಮೇರೆ ಸಾಮನೆ ಖಾತೀ ಹೈ,” ಎಂದುಬಿಟ್ಟೆ. ನನ್ನ ಕಣ್ಣೆದುರೇ ನುಂಗುತ್ತಾಳೆ ಎಂದು.

ಡಾಕ್ಟರಬಾಯಿ ನಮ್ಮಿಬ್ಬರನ್ನೂ ನೋಡಿದರು. ಹೇಗೆ ನುಂಗುತ್ತೀ ಎಂದು ಅವಳನ್ನು ಕೇಳಿದರು.

“ಚಾಯ್ ಕೆ ಸಾಥ್,” ಎಂದಳು ಕಣ್ಣೊರೆಸಿಕೊಂಡು, ಈಗಲಾದರೂ ಮೆಚ್ಚುತ್ತಾರೆಂಬಂತೆ.

ಅವರು ಹಣೆ ಹಿಡಿದುಕೊಂಡರು. ಆಮೇಲೆ ಮೆತ್ತಗೆ ತಿಳಿಸಿದರು. ಗುಳಿಗೆಯಲ್ಲಿರುವ ಕಬ್ಬಿಣವನ್ನು ಚಹಾ ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರಗೊಡುವುದಿಲ್ಲ. ಹಾಲೂ ಅಡ್ಡಿಯೇ. ನೀರಿನಲ್ಲಿ ನುಂಗಬೇಕು, ನಿಂಬೆಹುಳಿ ಹಿಂಡಿದ ನೀರಾದರೆ ಇನ್ನೂ ಒಳ್ಳೆಯದು. ಚಹಾ ಬೇಕೇ ಬೇಕೆಂದರೆ ಗುಳಿಗೆಯಿಂದ ದೂರದ ಹೊತ್ತಿಗೆ ಇರಲಿ.

ಲೋಕಲ್‌ನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ಕುರ್ಲಾ ದಾಟಿದ ಮೇಲೆ ತಾನೇ ನಕ್ಕಳು. “ಇಷ್ಟ ದಿನಾ ನಾ ಚಾಕ್ಕ ಗುಳಿಗಿ ಉಣಿಸೀನ್ರಿ ಅಕ್ಕಾ, ಕೂಸಿಗಲ್ಲ.”

ಅಷ್ಟು ದಣಿದ ನಗು ನಾನು ಬೇರೆಲ್ಲೂ ಕೇಳಿಲ್ಲ.

ಚಹಾ ಹೋದ ಮೇಲೆ ನೆಪವೂ ಹೋಯಿತು. ಬಸುರಿಗೆ ಹುಳಿ ಬಯಕೆ ಸಹಜ ತಾನೇ? ಅಕ್ಕನ ಮನೆಯ ನಿಂಬೆ ಶರಬತ್ತು ಬೇಕೆನಿಸುತ್ತದೆ ಎಂದಳು. ಅತ್ತೆಗೆ ಹಿಗ್ಗೋ ಹಿಗ್ಗು. ಹುಳಿ ಬೇಡಿದರೆ ಗಂಡುಕೂಸೇ ಎಂದು ತಾನೇ ಬಜಾರಿನಿಂದ ನಿಂಬೆಹಣ್ಣು ತಂದಿಟ್ಟಳು.

“ಮನ್ಯಾಗ ಇಟಗೊಂಡ ಆಕಿ ಮನಿಗ್ಯಾಕ ಓಡ್ತೀ?”

“ಅಕ್ಕನ ಕೈರುಚಿನ ಬ್ಯಾರೆರೀ ಅತ್ತಿ.”

ನನ್ನ ಕೈಯಲ್ಲಿ ಯಾವ ರುಚಿ? ನೀರು, ಹುಳಿ, ಚಿಟಿಕೆ ಉಪ್ಪು. ಮೆಂತ್ಯದ ಪಲ್ಯ ಮಾಡಿದ ದಿನ ಒಂದು ಹಿಡಿ ಅವಳಿಗೆಂದು ತೆಗೆದಿಡುತ್ತಿದ್ದೆ, ಕಡಲೆಯ ಜೊತೆ ಬೆಲ್ಲ ಕೊಡುತ್ತಿದ್ದೆ. ಮೆಲ್ಲಮೆಲ್ಲಗೆ ಗೋಡೆಯಾಚೆಯ ಕಟಕಟ ಕಡಿಮೆಯಾಯಿತು. ಏರು ಹತ್ತಿ ಬಂದರೂ ಮಾತಾಡುವಷ್ಟು ಉಸಿರು ಉಳಿಯತೊಡಗಿತು.

ಹೆಣ್ಣುಕೂಸಾಯಿತು. ತಾಯಿಯೂ ಉಳಿದಳು. “ಅಷ್ಟ ಹುಳಿ ತಿಂದ ಹೆಣ್ಣ ಹಡದೆಲ್ಲವಾ,” ಎಂದು ಗೊಣಗಿದ ಅತ್ತೆ ಆ ಕೂಸನ್ನು ಕಂಕುಳಿಂದ ಕೆಳಗಿಳಿಸಲಿಲ್ಲ.

ಕೂಸು ಅಂಬೆಗಾಲಿಡುವ ಹೊತ್ತಿಗೆ ಚಾಳ್ ಕೆಡವುತ್ತಾರೆಂದು ಸುದ್ದಿಯಾಯಿತು. ಬಾಡಿಗೆಯವರೆಲ್ಲ ಚದುರಿದರು. ಅವರು ವಡಾಲದ ಕಡೆ ಮಗನ ಕೆಲಸ ನಡೆಯುತ್ತಿದ್ದಲ್ಲೇ ತಗಡಿನ ಶೆಡ್ಡಿಗೆ ಹೋದರು. ಹೋಗುವಾಗ ಅವಳು ನನ್ನ ಕೈ ಹಿಡಿದು ಏನೋ ಹೇಳಬೇಕೆಂದು ನಿಂತಳು. ಟೆಂಪೋದವನು ಹಾರ್ನ್ ಹೊಡೆಯುತ್ತಲೇ ಇದ್ದ…

ಕೆಲವು ವರ್ಷಗಳ ಮೇಲೆ ಅವಳ ಗಂಡ ಭಾಂಡುಪ್ ಸ್ಟೇಷನ್ನಿನಲ್ಲಿ ಸಿಕ್ಕಿದ. ತಂಗಿ ಹೇಗಿದ್ದಾಳೆ ಎಂದೆ. ಎರಡನೆಯ ಹೆರಿಗೆಯಲ್ಲಿ ಹೋದಳು ಎಂದ. ರಕ್ತ ನಿಲ್ಲಲಿಲ್ಲವಂತೆ. “ಮೈಯಾಗ ಮೊದಲ ಇದ್ದಿಲ್ಲಂತ್ರಿ ಅಕ್ಕಾರ.” ಗುಳಿಗೆ ತಗೊಳ್ಳುತ್ತಿದ್ದಳೇ ಎಂದು ಕೇಳುವಷ್ಟರಲ್ಲಿ ಟ್ರೇನ್ ಬಂತು, ಅವನು ಹತ್ತಿಕೊಂಡ. ಕೇಳಿದ್ದರೂ ಅವನಿಗೇನು ಗೊತ್ತಿರುತ್ತಿತ್ತು? ಆ ಶೆಡ್ಡಿನ ಸುತ್ತ ಜಲ್ಲಿ, ಮರಳು. ಕಪ್ಪಿಗೆ ಬಸಿ ಮುಚ್ಚಿಕೊಂಡು ಅವಳು ಹೋಗುವುದಾದರೂ ಯಾರ ಮನೆಗೆ…

ಆ ಬಳಪ ಸಿಕ್ಕ ಮೇಲೆ ಮನೆಯವರು ದೊಡ್ಡವಳ ರಕ್ತ ನೋಡಿಸಿದ್ದಾರೆ. ಕಡಿಮೆ ಇದೆ. ಬಳಪವನ್ನು ಫೋನಿನಲ್ಲೇ ತರಿಸುತ್ತಿದ್ದಳಂತೆ, ಡಬ್ಬಿಗಟ್ಟಲೆ. ಗುಳಿಗೆ ಬಂದ ಮರುದಿನ ಬೆಳಿಗ್ಗೆ ನೋಡಿದರೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಒಂದು ಕೈಯಲ್ಲಿ ಚಹಾ ಹಿಡಿದು, ಗುಳಿಗೆ ಬಾಯಿಗೆ ಹಾಕುತ್ತಿದ್ದಾಳೆ. ನಾನು ಕಪ್ಪು ಕಸಿದುಕೊಂಡೆ. ಜನ್ಮದಲ್ಲಿ ಯಾರ ಕೈಯಿಂದಲೂ ಏನನ್ನೂ ಕಸಿದವಳಲ್ಲ ನಾನು.

“ಅಜ್ಜಿ, ಕ್ಯಾ ಹುವಾ? ಲೇಟ್ ಆಗ್ತದ, ಟ್ರೇನ್ ಹೋಗ್ತದ!”

“ಹೋಗ್ಲಿ,” ಎಂದೆ. ನಿಂಬೆಹಣ್ಣು ಕೊಯ್ದು ನೀರಿಗೆ ಹಿಂಡಿದೆ. ಅವಳು ಮುಖ ಕಿವುಚಿಕೊಂಡು ಗುಟುಕು ಗುಟುಕಾಗಿ ಕುಡಿಯುವತನಕ ಬಾಗಿಲಲ್ಲಿ ಅಡ್ಡ ನಿಂತೆ. ಇದು ಯಾಕೆಂದು ಅವಳು ಸಂಜೆ ಕೇಳಿದಳು, ನನ್ನಿಂದ ಹೇಳಲಾಗಲಿಲ್ಲ. ಈ ಹಾಳೆಗಳಲ್ಲಿ ಹೇಳಿದ್ದೇನೆ.

ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಚಹಾ ಸೋಸಿ, ಹಳೆಯ ರೂಢಿ, ಅರ್ಧ ಬಸಿಗೆ ಸುರಿದುಕೊಂಡು ಕುಡಿಯುತ್ತೇನೆ. ಕಪ್ಪಿನಲ್ಲಿ ಉಳಿದ ಅರ್ಧ ಆರಿ ಕೆನೆಗಟ್ಟುತ್ತದೆ. ಎದ್ದು ಚೆಲ್ಲಿಬಿಡುತ್ತೇನೆ.